ಚರ್ಚಿನ ಅಂಗಳದಲ್ಲಿ ಯಾರಿಗಾದರೂ ಪೆಟ್ಟಾದರೆ ದುಡ್ಡು ಯಾರು ಕೊಡಬೇಕು? ಹೊಣೆಗಾರಿಕೆ ವಿಮೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು ಮತ್ತು ಸರಿಯಾದ ಪಾಲಿಸಿ ಆರಿಸುವ ಬಗೆ

ಭಾನುವಾರದ ಆರಾಧನೆ ಮುಗಿದು ಜನ ಹೊರಗೆ ಬರುತ್ತಿದ್ದಾರೆ. ಮಳೆಗೆ ನೆನೆದ ಮೆಟ್ಟಿಲ ಮೇಲೆ ವಯಸ್ಸಾದವರೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಅಥವಾ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಹಾಕಿದ ಪೆಂಡಾಲಿನ ಕಂಬ ಮಗುವಿನ ಮೇಲೆ ಬೀಳುತ್ತದೆ. ಆಸ್ಪತ್ರೆ ಖರ್ಚು, ಆಮೇಲಿನ ಪರಿಹಾರ ಯಾರ ಹೊಣೆ?

ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಉತ್ತರ ಸಿಗುತ್ತದೆ. "ಬಿಲ್ಡಿಂಗಿಗೆ ಇನ್ಶೂರೆನ್ಸ್ ಐತಲ್ಲ." "ಗ್ಯಾಸ್ ಸಿಲಿಂಡರಿಗೆ 50 ಲಕ್ಷ ವಿಮೆ ಇರ್ತದಂತ, ವಾಟ್ಸಾಪಿನ್ಯಾಗ ಬಂದಿತ್ತು." "ನಾವು ಜವಾಬ್ದಾರರಲ್ಲ ಅಂತ ಬೋರ್ಡ್ ಹಾಕೀವಿ." "ದೇವರ ಮನಿ ಮ್ಯಾಲೆ ಯಾರು ಕೇಸ್ ಹಾಕ್ತಾರ?" ಈ ನಾಲ್ಕರಲ್ಲಿ ಒಂದೂ ಪೂರ್ತಿ ಸರಿಯಲ್ಲ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ. ಲೇಖನ ಚರ್ಚಿನ ಬಗ್ಗೆ ಇದ್ದರೂ ಗುಡಿ, ಮಸೀದಿ, ಮಠ, ಗಣೇಶೋತ್ಸವ ಸಮಿತಿ ಎಲ್ಲಕ್ಕೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲಿಗೆ, ಇದು ನಮ್ಮ ಊರಿನ ವಿಷಯವೇ?

ಹೌದು. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದ ದೇವಸ್ಥಾನವೊಂದರಲ್ಲಿ ತಂಗಿದ್ದ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಮಲಗಿದ್ದಾಗ ಅಡುಗೆ ಅನಿಲ ಸೋರಿ ಬೆಂಕಿ ಹತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಅವರಲ್ಲಿ ಎಂಟು ಮಂದಿ ಉಳಿಯಲಿಲ್ಲ. ರಾಜ್ಯ ಸರ್ಕಾರ ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತಿದ್ದನ್ನೂ ಈ ಅವಳಿ ನಗರ ಮರೆತಿಲ್ಲ.

ಈ ಘಟನೆಗಳನ್ನು ನೆನಪಿಸುತ್ತಿರುವುದು ಯಾರನ್ನೋ ದೂರುವುದಕ್ಕಲ್ಲ. ಜನ ಸೇರುವ ಕಡೆ ಅಪಘಾತ ಆಗುತ್ತದೆ, ಪೂಜೆ-ಪ್ರಾರ್ಥನೆಯ ಜಾಗ ಇದಕ್ಕೆ ಹೊರತಲ್ಲ. ಸರ್ಕಾರ ಪ್ರತಿ ಅಪಘಾತಕ್ಕೂ ಪರಿಹಾರ ಘೋಷಿಸುವುದಿಲ್ಲ. ಒಬ್ಬರೇ ಜಾರಿಬಿದ್ದು ಕಾಲು ಮುರಿದುಕೊಂಡರೆ ಅದು ಸುದ್ದಿಯೂ ಆಗುವುದಿಲ್ಲ. ಆದರೆ ಆ ಮನೆಯವರಿಗೆ ಆಸ್ಪತ್ರೆ ಬಿಲ್ ಬಂದೇ ಬರುತ್ತದೆ.

ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಹೀಗಾಗಿ ಇಲ್ಲಿನ ಕ್ರೈಸ್ತ ಸಭೆಗಳಿಗೆ ದೊಡ್ಡ ಇತಿಹಾಸವಿದೆ. ಇತಿಹಾಸದ ಜೊತೆಗೆ ಹಳೆಯ ಗೋಡೆ, ಹಂಚಿನ ಮಾಡು, ಗಂಟೆಯ ಗೋಪುರ, ಹಳೆಯ ವೈರಿಂಗ್, ಅಂಗಳದ ದೊಡ್ಡ ಮರಗಳೂ ಇರುತ್ತವೆ. ಇನ್ನೊಂದೆಡೆ ಬಾಡಿಗೆ ಹಾಲ್‌ನಲ್ಲಿ ಸೇರುವ ಸಣ್ಣ ಸಭೆಗಳೂ ಇವೆ. ಎರಡಕ್ಕೂ ಅವುಗಳದೇ ಅಪಾಯಗಳಿವೆ.

ತಪ್ಪು ತಿಳಿವಳಿಕೆ 1: ಕಟ್ಟಡಕ್ಕೆ ವಿಮೆ ಇದ್ದರೆ ಸಾಕು

ಸಾಲದು. ಬೆಂಕಿ ವಿಮೆ ಎಂದು ನಾವು ಕರೆಯುವ ಪಾಲಿಸಿ ನಿಮ್ಮ ಆಸ್ತಿಗೆ ಆದ ನಷ್ಟವನ್ನು ನಿಮಗೆ ತುಂಬಿಕೊಡುತ್ತದೆ. ಮಾಡು ಸುಟ್ಟರೆ, ಬೆಂಚು-ಮೈಕ್ ಸೆಟ್ ಹಾಳಾದರೆ ಅದರ ಹಣ ಬರುತ್ತದೆ. ಆದರೆ ಆ ಮಾಡು ಕುಸಿದು ಅಡಿಯಲ್ಲಿದ್ದವರಿಗೆ ಪೆಟ್ಟಾದರೆ ಅವರ ಪರಿಹಾರಕ್ಕೆ ಆ ಪಾಲಿಸಿಯಲ್ಲಿ ಜಾಗವಿಲ್ಲ.

ಅದಕ್ಕೆಂದೇ ಇರುವುದು ಸಾರ್ವಜನಿಕ ಹೊಣೆಗಾರಿಕೆ ವಿಮೆ. ಏಜೆಂಟರ ಬಾಯಲ್ಲಿ ಇದು ಪಬ್ಲಿಕ್ ಲಯಬಿಲಿಟಿ ಪಾಲಿಸಿ. ನಿಮ್ಮ ಅಲಕ್ಷ್ಯದಿಂದ ಹೊರಗಿನವರೊಬ್ಬರಿಗೆ ಸಾವು, ಗಾಯ ಅಥವಾ ಆಸ್ತಿ ನಷ್ಟ ಆಗಿ, ಕಾನೂನಿನ ಪ್ರಕಾರ ನೀವು ಪರಿಹಾರ ಕೊಡಬೇಕಾಗಿ ಬಂದರೆ, ಪಾಲಿಸಿಯ ಮಿತಿಯೊಳಗೆ ಆ ಹಣವನ್ನು ಕಂಪನಿ ಕೊಡುತ್ತದೆ. ಕಂಪನಿಯ ಒಪ್ಪಿಗೆ ಪಡೆದು ಮಾಡಿದ ವಕೀಲರ ಖರ್ಚೂ ಸಾಮಾನ್ಯವಾಗಿ ಇದರಲ್ಲಿ ಸೇರಿರುತ್ತದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಂಕಿ ವಿಮೆಯ ಹಣ ಚರ್ಚಿಗೆ ಬರುತ್ತದೆ, ಹೊಣೆಗಾರಿಕೆ ವಿಮೆಯ ಹಣ ಪೆಟ್ಟು ತಿಂದವರಿಗೆ ಹೋಗುತ್ತದೆ.

ತಪ್ಪು ತಿಳಿವಳಿಕೆ 2: ಗ್ಯಾಸ್ ಸಿಲಿಂಡರಿಗೆ 50 ಲಕ್ಷ ವಿಮೆ ಇದೆ, ಚಿಂತೆಯಿಲ್ಲ

ವರ್ಷಗಳಿಂದ ಹರಿದಾಡುತ್ತಿರುವ ಈ ಸಂದೇಶದಲ್ಲಿ ಅರ್ಧ ಮಾತ್ರ ನಿಜ. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಗ್ಯಾಸ್ ನಡೆಸುವ ಸರ್ಕಾರಿ ತೈಲ ಕಂಪನಿಗಳು ಹೊಣೆಗಾರಿಕೆ ವಿಮೆ ಮಾಡಿಸಿರುವುದು ಹೌದು. ಗ್ರಾಹಕರು ಅದಕ್ಕೆ ಬೇರೆ ಹಣ ಕಟ್ಟಬೇಕಿಲ್ಲ. ಆದರೆ ಮೊತ್ತ ಹೀಗಿದೆ: ಸಾವಾದರೆ ಒಬ್ಬರಿಗೆ 6 ಲಕ್ಷ ರೂಪಾಯಿ. ಚಿಕಿತ್ಸೆಗೆ ಒಬ್ಬರಿಗೆ ಗರಿಷ್ಠ 2 ಲಕ್ಷ, ಇಡೀ ಘಟನೆಗೆ ಗರಿಷ್ಠ 30 ಲಕ್ಷ. ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ಆಸ್ತಿ ಹಾನಿಯಾದರೆ ಘಟನೆಗೆ ಗರಿಷ್ಠ 2 ಲಕ್ಷ.

ಅಪಘಾತಕ್ಕೆ ಮೂಲ ಕಾರಣ ಅಡುಗೆ ಅನಿಲವೇ ಆಗಿರಬೇಕೆಂಬ ಷರತ್ತೂ ಇದೆ. ಸಭೆಯ ಊಟಕ್ಕೆಂದು ಯಾರದೋ ಮನೆಯ ಸಿಲಿಂಡರ್ ತಂದು ಬಳಸುವುದು ಮೊದಲೇ ನಿಯಮಕ್ಕೆ ವಿರುದ್ಧ. ಅಂಥ ಸಂದರ್ಭದಲ್ಲಿ ಪರಿಹಾರ ಕೇಳಲು ಹೋದರೆ ತೊಡಕು ಎದುರಾಗಬಹುದು. ಮೆಟ್ಟಿಲು, ಪೆಂಡಾಲ್, ಗೋಡೆ, ವಿದ್ಯುತ್ ಇವುಗಳಿಂದಾದ ಅಪಘಾತಕ್ಕಂತೂ ಈ ವಿಮೆಗೂ ಸಂಬಂಧವಿಲ್ಲ.

ತಪ್ಪು ತಿಳಿವಳಿಕೆ 3: ಜವಾಬ್ದಾರರಲ್ಲ ಎಂಬ ಬೋರ್ಡ್ ಇದ್ದರೆ ಪಾರು

"ಪಾದರಕ್ಷೆ, ವಾಹನಗಳಿಗೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ" ಎಂಬ ಬೋರ್ಡ್ ಎಲ್ಲ ಕಡೆ ಕಾಣುತ್ತದೆ. ನಿಮ್ಮ ಅಲಕ್ಷ್ಯದಿಂದ ಒಬ್ಬರ ಜೀವಕ್ಕೆ ಹಾನಿಯಾದರೆ ಆ ಬೋರ್ಡ್ ಒಂದೇ ನಿಮ್ಮನ್ನು ಕಾಪಾಡುವುದಿಲ್ಲ. ಜನರನ್ನು ಒಳಗೆ ಕರೆದ ಮೇಲೆ ಜಾಗವನ್ನು ಸುರಕ್ಷಿತವಾಗಿ ಇಡುವ ಕರ್ತವ್ಯ ಜಾಗ ನೋಡಿಕೊಳ್ಳುವವರದು.

ಇದಕ್ಕೆ ಒಳ್ಳೆಯ ಉದಾಹರಣೆ ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರದ ಪ್ರಕರಣ. ಪುರಸಭೆಗೆ ಸೇರಿದ್ದ, ಸುಮಾರು 80 ವರ್ಷ ಹಳೆಯ ಗೋಪುರ ಕುಸಿದು ಜನ ಸತ್ತರು. ಮೂವರು ಮೃತರ ವಾರಸುದಾರರು ಪರಿಹಾರ ಕೇಳಿ ದಾವೆ ಹೂಡಿದ್ದರು. ಕುಸಿಯುವಷ್ಟು ದುರ್ಬಲವಾಗಿದ್ದು ಹೊರಗೆ ಕಾಣುತ್ತಿರಲಿಲ್ಲ ಎಂಬ ವಾದ ನಿಲ್ಲಲಿಲ್ಲ. ದಾರಿಯ ಪಕ್ಕದ ಕಟ್ಟಡವನ್ನು ಕಾಲಕಾಲಕ್ಕೆ ಪರೀಕ್ಷಿಸಿ ದುರಸ್ತಿ ಮಾಡಿಸುವುದು ಮಾಲೀಕರ ಕರ್ತವ್ಯ, ದೋಷ ಕಣ್ಣಿಗೆ ಕಾಣುವಂಥದ್ದಾಗಲಿ ಅಡಗಿರುವಂಥದ್ದಾಗಲಿ ಹೊಣೆ ತಪ್ಪದು ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೂರು ವರ್ಷ ದಾಟಿದ ಗಂಟೆಯ ಗೋಪುರ ಇರುವ ಯಾವುದೇ ಚರ್ಚಿನ ಹಿರಿಯರು ಈ ತೀರ್ಪನ್ನು ನೆನಪಿಡಬೇಕು.

ತಪ್ಪು ತಿಳಿವಳಿಕೆ 4: ದೇವರ ಮನೆಯ ಮೇಲೆ ಕೇಸ್ ನಡೆಯುವುದಿಲ್ಲ

ಪ್ರಾರ್ಥನಾ ಸ್ಥಳ ಎಂಬ ಕಾರಣಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಮರಣ ಸಂಭವಿಸಿದಾಗ ಕುಟುಂಬದವರು ಪರಿಹಾರ ಕೇಳಲು 1855ರ ಮಾರಕ ಅಪಘಾತಗಳ ಕಾಯ್ದೆಯಿಂದಲೇ ಅವಕಾಶವಿದೆ.

"ನಮ್ಮವರೇ, ನಮ್ಮ ಸಭೆಯವರೇ, ಕೇಸ್ ಹಾಕಲಾರರು" ಎಂಬುದು ಬಹಳ ಕಡೆ ನಿಜವೇ. ಆದರೆ ಇದನ್ನು ಪೆಟ್ಟು ತಿಂದವರ ಕಡೆಯಿಂದ ಒಮ್ಮೆ ನೋಡಿ. ದುಡಿಯುವ ಮನುಷ್ಯ ಆರು ತಿಂಗಳು ಮಲಗಿದ್ದಾನೆ. ಮನೆಯವರು ಕೇಳಿದರೆ ಚರ್ಚಿನ ವಿರುದ್ಧ ನಿಂತಂತೆ, ಕೇಳದಿದ್ದರೆ ಸಾಲ. ಚರ್ಚಿನ ಕಡೆಯವರಿಗೂ ಕೊಡುವ ಮನಸ್ಸಿದ್ದು ಖಜಾಂಚಿಯ ಬಳಿ ಹಣ ಇರುವುದಿಲ್ಲ. ಕೊನೆಗೆ ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂರಲಾರದ ಸ್ಥಿತಿ ಬರುತ್ತದೆ. ವಿಮೆ ಇದ್ದರೆ ಈ ಸಂಕಟ ಎಷ್ಟೋ ಕಡಿಮೆಯಾಗುತ್ತದೆ. "ವಿಮೆ ಮಾಡಿಸುವುದು ನಂಬಿಕೆ ಇಲ್ಲದವರ ಕೆಲಸ" ಎನ್ನುವವರೂ ಇದ್ದಾರೆ. ಈ ವಿಮೆಯ ಹಣ ಹೋಗುವುದು ನೆರೆಯವರಿಗೆ ಎಂಬುದನ್ನು ಅವರಿಗೆ ತಿಳಿಸಬಹುದು.

"ದೈವೇಚ್ಛೆ" ಎಂಬ ಮಾತಿನ ಬಗ್ಗೆಯೂ ಒಂದು ಸ್ಪಷ್ಟನೆ. ವಿಮೆಯ ಭಾಷೆಯಲ್ಲಿ ಭೂಕಂಪ, ಸಿಡಿಲು, ಪ್ರವಾಹದಂಥವನ್ನು ದೈವಿಕ ಘಟನೆ ಎನ್ನುತ್ತಾರೆ. ಮೊದಲೇ ಒಣಗಿ ಟೊಳ್ಳಾಗಿದ್ದ ಕೊಂಬೆ ಮುಂಗಾರಿನ ಗಾಳಿಗೆ ಬಿದ್ದರೆ ಅದನ್ನು ದೈವಿಕ ಘಟನೆ ಎಂದು ತಳ್ಳಿಹಾಕುವುದು ಕಷ್ಟ. ಕಡಿಸಬೇಕಿತ್ತು, ಕಡಿಸಲಿಲ್ಲ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ.

ತಪ್ಪು ತಿಳಿವಳಿಕೆ 5: 1991ರ ಕಾಯ್ದೆ ಪ್ರಕಾರ ಈ ವಿಮೆ ಎಲ್ಲರಿಗೂ ಕಡ್ಡಾಯ

ಅಲ್ಲ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಇರುವುದು ಅಪಾಯಕಾರಿ ರಾಸಾಯನಿಕ ಮುಂತಾದವನ್ನು ನಿರ್ವಹಿಸುವವರಿಗೆ. 1984ರ ಭೋಪಾಲ ಅನಿಲ ದುರಂತದ ನಂತರ ಬಂದ ಕಾನೂನು ಅದು. ಚರ್ಚಿನ ಭಾನುವಾರದ ಆರಾಧನೆಗೆ ಅದು ಅನ್ವಯಿಸದು. "ಮಾಡಿಸದಿದ್ದರೆ ದಂಡ ಬೀಳುತ್ತದೆ" ಎಂದು ಹೆದರಿಸಿ ಪಾಲಿಸಿ ಮಾರಲು ಬಂದರೆ ನಂಬಬೇಡಿ. ಚರ್ಚಿಗೆ ಬೇಕಾದದ್ದು ಕಾರ್ಖಾನೆಯಲ್ಲದ ಜಾಗಗಳಿಗೆಂದು ಇರುವ, ಸ್ವಇಚ್ಛೆಯಿಂದ ಕೊಳ್ಳುವ ಹೊಣೆಗಾರಿಕೆ ಪಾಲಿಸಿ. ಶಾಲೆ, ಹೋಟೆಲ್, ಸಿನಿಮಾ ಮಂದಿರಗಳು ಕೊಳ್ಳುವುದೂ ಇದೇ ಬಗೆಯದ್ದು. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳೂ ಹಲವು ಖಾಸಗಿ ಕಂಪನಿಗಳೂ ಹೊಣೆಗಾರಿಕೆ ಪಾಲಿಸಿಗಳನ್ನು ಮಾರುತ್ತವೆ.

ಅಮೆರಿಕದಲ್ಲಿರುವ ಬಂಧುಗಳು ಕಳಿಸುವ ವಿಡಿಯೊಗಳಲ್ಲಿ ಚರ್ಚ್‌ಗಳಿಗೆಂದೇ ಇರುವ ಬಗೆಬಗೆಯ ವಿಮೆಗಳ ಮಾತು ಬರುತ್ತದೆ. ಅಲ್ಲಿನ ಕಾನೂನು, ಅಲ್ಲಿನ ಪಾಲಿಸಿ ಬೇರೆ. ಅಲ್ಲಿನ ಪಟ್ಟಿಯನ್ನು ಹಿಡಿದು ಇಲ್ಲಿ ಕೊಳ್ಳಲು ಹೋಗಬೇಡಿ.

ಎಷ್ಟು ಮೊತ್ತದ ಪಾಲಿಸಿ ಬೇಕು?

ಹೆಚ್ಚು ತಪ್ಪಾಗುವುದು ಇಲ್ಲೇ. "ಒಂದೈದು ಲಕ್ಷದ್ದು ಸಾಕು" ಎಂದು ಅಂದಾಜಿನಲ್ಲಿ ತೆಗೆದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ.

ರಸ್ತೆ ಅಪಘಾತದ ಸಾವಿಗೆ ಪರಿಹಾರ ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಪಡಿಸಿದೆ. ಚರ್ಚಿನ ಅಂಗಳದ ಅಪಘಾತ ರಸ್ತೆ ಅಪಘಾತವಲ್ಲ. ಆದರೂ ಒಂದು ಜೀವದ ದುಡಿಮೆಯ ನಷ್ಟ ಎಷ್ಟು ಎಂದು ಅಳೆಯಲು ಅದು ಒಳ್ಳೆಯ ಮಾಪು.

ಒಬ್ಬರಿಗೆ 35 ವರ್ಷ, ಸ್ವಂತ ಉದ್ಯೋಗ, ತಿಂಗಳಿಗೆ 20,000 ರೂಪಾಯಿ ದುಡಿಮೆ, ಮನೆಯಲ್ಲಿ ನಾಲ್ವರು ಅವಲಂಬಿತರು ಎಂದುಕೊಳ್ಳಿ. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ ಶೇ 40 ಸೇರಿಸಿದರೆ ತಿಂಗಳಿಗೆ 28,000. ವರ್ಷಕ್ಕೆ 3,36,000. ಅವರ ಸ್ವಂತ ಖರ್ಚಿನ ನಾಲ್ಕನೇ ಒಂದು ಭಾಗ ಕಳೆದರೆ 2,52,000. ಆ ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂಪಾಯಿ. ಅಂತ್ಯಕ್ರಿಯೆ ಮುಂತಾದವಕ್ಕೆ ಕೊಡುವ ಮೊತ್ತ ಇದರ ಮೇಲೆ.

ಇದು ಒಬ್ಬರ ಲೆಕ್ಕ. ಪೆಂಡಾಲ್ ಬಿದ್ದರೆ ಪೆಟ್ಟಾಗುವುದು ಒಬ್ಬರಿಗೇ ಅಲ್ಲ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿ ಬಿದ್ದು 59 ಜನ ಸತ್ತರು. ಮೃತರಲ್ಲಿ 20 ವರ್ಷ ಮೀರಿದವರ ಕುಟುಂಬಕ್ಕೆ ತಲಾ 10 ಲಕ್ಷ, ಅದಕ್ಕಿಂತ ಚಿಕ್ಕವರ ಕುಟುಂಬಕ್ಕೆ ತಲಾ 7.5 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ ನಿಗದಿ ಮಾಡಿದ್ದು 2011ರಲ್ಲಿ. ಅಂದರೆ ಹದಿನಾಲ್ಕು ವರ್ಷದ ನ್ಯಾಯಾಲಯದ ಓಡಾಟ. ಪರಿಹಾರದ ಮೊತ್ತದಷ್ಟೇ ಈ ಓಡಾಟದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಮೊತ್ತ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ: ವರ್ಷದಲ್ಲಿ ಅತಿ ಹೆಚ್ಚು ಜನ ಸೇರುವ ದಿನ, ಕ್ರಿಸ್‌ಮಸ್ ಅಥವಾ ಈಸ್ಟರ್ ಅಥವಾ ಸುಗ್ಗಿ ಹಬ್ಬದಂದು, ಒಂದೇ ಘಟನೆಯಲ್ಲಿ ಎಷ್ಟು ಜನರಿಗೆ ಪೆಟ್ಟಾಗಬಹುದು? ಸಾಮಾನ್ಯ ಭಾನುವಾರದ ಹಾಜರಿಯನ್ನು ನೋಡಿ ಮೊತ್ತ ನಿರ್ಧರಿಸಬೇಡಿ.

ಪಾಲಿಸಿಯಲ್ಲಿ ಎರಡು ಮಿತಿ ಬರೆದಿರುತ್ತಾರೆ. ಒಂದು, ಒಂದು ಅಪಘಾತಕ್ಕೆ ಗರಿಷ್ಠ ಎಷ್ಟು. ಇನ್ನೊಂದು, ಇಡೀ ವರ್ಷಕ್ಕೆ ಗರಿಷ್ಠ ಎಷ್ಟು. "1 ಕೋಟಿ ಪಾಲಿಸಿ" ಎಂದಾಗ ಅದು ಒಂದು ಘಟನೆಗೋ ವರ್ಷಕ್ಕೋ ಎಂದು ಕೇಳಿ. ವರ್ಷಕ್ಕೆ 1 ಕೋಟಿ, ಒಂದು ಘಟನೆಗೆ 25 ಲಕ್ಷ ಎಂದಿದ್ದರೆ ನಿಮ್ಮ ನಿಜವಾದ ರಕ್ಷಣೆ ಒಂದು ಅಪಘಾತಕ್ಕೆ 25 ಲಕ್ಷ ಮಾತ್ರ.

ದೊಡ್ಡ ಅಂಕಿ ಕಂಡಾಗ ಒಡೆದು ನೋಡಿ

ಮುಂಬಯಿಯ ಜಿಎಸ್‌ಬಿ ಸೇವಾ ಮಂಡಲದ ಗಣಪತಿಗೆ 2022ರಲ್ಲಿ 316.4 ಕೋಟಿ ರೂಪಾಯಿ ವಿಮೆ ಎಂಬ ಸುದ್ದಿಯನ್ನು ನೀವೂ ಫಾರ್ವರ್ಡ್ ಮಾಡಿರಬಹುದು. ಮೂರ್ತಿಗೇ ಅಷ್ಟು ವಿಮೆ ಎಂದು ಹಲವರು ತಿಳಿದರು. ಒಡೆದು ನೋಡಿದರೆ ಅದರಲ್ಲಿ 263 ಕೋಟಿ ಸ್ವಯಂಸೇವಕರು, ಅರ್ಚಕರು, ಅಡುಗೆಯವರು, ಕಾವಲಿನವರು ಮೊದಲಾದವರ ವೈಯಕ್ತಿಕ ಅಪಘಾತ ವಿಮೆ. ಚಿನ್ನ-ಬೆಳ್ಳಿಗೆ ಸುಮಾರು 32 ಕೋಟಿ. ಬರುವ ಭಕ್ತರಿಗೆ ಸಂಬಂಧಿಸಿದ ಸಾರ್ವಜನಿಕ ಹೊಣೆಗಾರಿಕೆ 20 ಕೋಟಿ.

ಇದರಿಂದ ಸಣ್ಣ ಸಭೆಯೂ ಕಲಿಯಬಹುದಾದದ್ದಿದೆ. ಒಂದೇ ಪಾಲಿಸಿ ಎಲ್ಲವನ್ನೂ ನೋಡಿಕೊಳ್ಳುವುದಿಲ್ಲ. ಅವರು ಆಸ್ತಿಗೊಂದು, ತಮ್ಮ ಕೆಲಸದವರಿಗೊಂದು, ಬರುವ ಜನರಿಗೊಂದು ಎಂದು ಬೇರೆಬೇರೆ ಮಾಡಿಸಿದ್ದರು.

ಹೊಣೆಗಾರಿಕೆ ಪಾಲಿಸಿಯಲ್ಲಿ ಬರದವು

ಕೂಲಿಯವರು, ನೌಕರರು: ಚರ್ಚು ತಾನೇ ಕೆಲಸಕ್ಕೆ ಇಟ್ಟುಕೊಂಡವರು ಹೊರಗಿನವರಲ್ಲ. ಅವರಿಗೆ ನೌಕರರ ಪರಿಹಾರ ವಿಮೆ ಬೇರೆಯೇ ಬೇಕು. 1923ರ ಪರಿಹಾರ ಕಾಯ್ದೆಯ ಅಂಶಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಎತ್ತರದ ಕಟ್ಟಡದ ದುರಸ್ತಿ ಕೆಲಸ ಇದರ ಪಟ್ಟಿಯಲ್ಲಿದೆ. ಉದಾಹರಣೆಗೆ, ತಿಂಗಳಿಗೆ 12,000 ರೂಪಾಯಿ ಕೂಲಿಯ, 40 ವರ್ಷದ ಗೌಂಡಿಯನ್ನು ಚರ್ಚಿನವರೇ ನೇರವಾಗಿ ಕೆಲಸಕ್ಕೆ ಇಟ್ಟುಕೊಂಡಿದ್ದು, ಆತ ಮಾಡಿನಿಂದ ಬಿದ್ದು ಸತ್ತರೆ, ಕೂಲಿಯ ಅರ್ಧವಾದ 6,000ವನ್ನು ಆ ವಯಸ್ಸಿನ ಗುಣಕ 184.17ರಿಂದ ಗುಣಿಸಬೇಕು. ಅದು 11,05,020 ರೂಪಾಯಿ. ಇಲ್ಲಿ ಚರ್ಚಿನ ಅಲಕ್ಷ್ಯ ಸಾಬೀತಾಗಬೇಕು ಎಂದೂ ಇಲ್ಲ.

ವಾಹನ: ಸಂಡೇ ಸ್ಕೂಲ್ ಮಕ್ಕಳನ್ನು ಕರೆತರುವ ವ್ಯಾನಿನ ಅಪಘಾತ ಮೋಟಾರು ವಿಮೆಗೆ ಸೇರಿದ್ದು. 1988ರ ಮೋಟಾರು ವಾಹನ ಕಾಯ್ದೆಯಡಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವ್ಯಾನ್ ಖಾಸಗಿಯದೋ ಬಾಡಿಗೆ ಪರವಾನಗಿಯದೋ, ಒಳಗೆ ಕೂತವರಿಗೆ ರಕ್ಷಣೆ ಇದೆಯೋ ಎಂದು ನೋಡಿ.

ಸ್ವಯಂಸೇವಕರು: ಪೆಂಡಾಲ್ ಕಟ್ಟುವ ಯುವಕರು, ಅಡುಗೆ ಮಾಡುವ ಮಹಿಳಾ ಸಂಘದವರು ಹೊರಗಿನವರೋ ನಿಮ್ಮವರೋ ಎಂಬುದು ಪಾಲಿಸಿಯ ಮಾತುಗಳ ಮೇಲೆ ನಿಂತಿದೆ. ಅವರಿಗೆ ಗುಂಪು ಅಪಘಾತ ವಿಮೆ ಮಾಡಿಸುವುದು ಲೇಸು. ಅದರಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯಿಲ್ಲದೆ ಗೊತ್ತಾದ ಮೊತ್ತ ಸಿಗುತ್ತದೆ. ಜೊತೆಗೆ 18ರಿಂದ 70 ವರ್ಷದವರು ತಮ್ಮ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ಅಪಘಾತದಲ್ಲಿ ಸತ್ತರೆ 2 ಲಕ್ಷ ಸಿಗುತ್ತದೆ. ಇದು ಆ ವ್ಯಕ್ತಿಯ ವಿಮೆ, ಚರ್ಚಿನ ಹೊಣೆಯನ್ನು ಇಳಿಸುವುದಿಲ್ಲ.

ಕಟ್ಟಡ ಕಾಮಗಾರಿ: ಹೊಸ ಹಾಲ್ ಕಟ್ಟುವಾಗಿನ ಅಪಾಯಕ್ಕೆ ಗುತ್ತಿಗೆದಾರರ ಪಾಲಿಸಿ ಬೇರೆ ಇರುತ್ತದೆ. ಅದರಲ್ಲಿ ಹೊರಗಿನವರಿಗೆ ಆಗುವ ಹಾನಿಯ ಭಾಗ ಸೇರಿದೆಯೇ ಎಂದು ಕೆಲಸ ಶುರುವಾಗುವ ಮುನ್ನ ಪ್ರತಿ ಕೇಳಿ ನೋಡಿ.

ಅಪರಾಧ: ಅಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಕ್ರಿಮಿನಲ್ ಪ್ರಕರಣವೂ ಆಗಬಹುದು. ಜೈಲು, ದಂಡಕ್ಕೆ ವಿಮೆ ಇಲ್ಲ. ಸಂಡೇ ಸ್ಕೂಲಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದರೆ ಅದು ಅಪಘಾತವಲ್ಲ, ಅಪರಾಧ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರುವಂತೆ ನೋಡಿಕೊಳ್ಳುವ ನಿಯಮಕ್ಕೆ ಯಾವ ಪಾಲಿಸಿಯೂ ಬದಲಿ ಅಲ್ಲ.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಪಾಲಿಸಿ ಯಾರ ಹೆಸರಿನಲ್ಲಿದೆ? ಇದು ತುಂಬ ಮುಖ್ಯ. ಸಿಎಸ್‌ಐ ಚರ್ಚುಗಳ ಆಸ್ತಿ ಸಾಮಾನ್ಯವಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ, ದಿನನಿತ್ಯದ ಆಡಳಿತ ಸ್ಥಳೀಯ ಸಭೆಯದ್ದು. ಧಾರವಾಡದಲ್ಲಿರುವ ಉತ್ತರ ಕರ್ನಾಟಕ ಡಯಾಸಿಸ್ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ. ಕ್ಯಾಥೊಲಿಕ್ ಚರ್ಚುಗಳು ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿವೆ, ಅಲ್ಲಿ ವಿಚಾರಿಸಬೇಕು. ಮಾಲೀಕರು ಮತ್ತು ಸ್ಥಳೀಯ ಸಮಿತಿ ಇಬ್ಬರ ಹೆಸರೂ ಪಾಲಿಸಿಯಲ್ಲಿ ಇರುವುದು ಒಳ್ಳೆಯದು. ನೋಂದಣಿಯೇ ಆಗದ ಸಣ್ಣ ಸಭೆಯಾದರೆ ಹೊಣೆ ಪಾಸ್ಟರ್ ಮತ್ತು ಸಮಿತಿಯವರ ಸ್ವಂತ ತಲೆಗೇ ಬರಬಹುದು. ಅಂಥವರು ಮೊದಲು ವಕೀಲರನ್ನು ಕಾಣಲಿ.

2. ಬಾಡಿಗೆ ಹಾಲ್ ಆದರೆ ಯಾವುದಕ್ಕೆ ಮಾಲೀಕರು ಹೊಣೆ, ಯಾವುದಕ್ಕೆ ನೀವು ಹೊಣೆ ಎಂದು ಬಾಡಿಗೆ ಕರಾರಿನಲ್ಲಿ ಬರೆದಿದೆಯೇ? ಕರಾರಿನಲ್ಲಿ ನೀವಾಗಿಯೇ ಒಪ್ಪಿಕೊಂಡ ಹೆಚ್ಚುವರಿ ಹೊಣೆಯನ್ನು ಹೊಣೆಗಾರಿಕೆ ಪಾಲಿಸಿ ಸಾಮಾನ್ಯವಾಗಿ ಹೊರಗಿಡುತ್ತದೆ.

3. ಚರ್ಚಿನ ಎಲ್ಲ ವಿಳಾಸಗಳೂ ಪಾಲಿಸಿಯಲ್ಲಿ ಇವೆಯೇ? ಸ್ಮಶಾನ, ಸಮುದಾಯ ಭವನ, ಬಾಲವಾಡಿ, ಹಾಸ್ಟೆಲ್ ಬಿಟ್ಟುಹೋಗಿರಬಹುದು.

4. ಅಂಗಳದ ಹೊರಗಿನ ಮೆರವಣಿಗೆ, ಮೈದಾನದ ಸಭೆ, ಪಿಕ್‌ನಿಕ್ ಸೇರಿವೆಯೇ? ಇಲ್ಲದಿದ್ದರೆ ಆ ದಿನಕ್ಕೆಂದು ಬೇರೆ ಪಾಲಿಸಿ ಸಿಗುತ್ತದೆಯೇ ಕೇಳಿ.

5. ಪ್ರೀತಿ ಭೋಜನದಲ್ಲಿ ಊಟ ಕೆಟ್ಟು ಜನ ಆಸ್ಪತ್ರೆ ಸೇರಿದರೆ ಪರಿಹಾರವಿದೆಯೇ? ಆಹಾರದ ಅಂಶವನ್ನು ಕೆಲವೊಮ್ಮೆ ಬೇರೆಯಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಲಿಫ್ಟ್ ಮತ್ತು ದೈವಿಕ ಘಟನೆಗಳ ಬಗ್ಗೆಯೂ ಇದನ್ನೇ ಕೇಳಿ.

6. ಪ್ರತಿ ಕ್ಲೇಮಿನಲ್ಲಿ ಮೊದಲು ನಾವು ಕೈಯಿಂದ ಹಾಕಬೇಕಾದ ಮೊತ್ತ ಎಷ್ಟು?

7. ವಕೀಲರ ಖರ್ಚು ಮಿತಿಯ ಒಳಗೋ ಹೊರಗೋ? ಒಳಗಾದರೆ ಪರಿಹಾರಕ್ಕೆ ಉಳಿಯುವುದು ಅಷ್ಟು ಕಡಿಮೆ.

8. ಹಿಂದಿನ ಯಾವ ದಿನಾಂಕದಿಂದ ಆದ ಘಟನೆಗಳು ಲೆಕ್ಕಕ್ಕೆ ಬರುತ್ತವೆ? ನಮ್ಮಲ್ಲಿ ಇಂಥ ಪಾಲಿಸಿಗಳು ಸಾಮಾನ್ಯವಾಗಿ ಪರಿಹಾರದ ಬೇಡಿಕೆ ಬಂದಾಗ ಜಾರಿಯಲ್ಲಿರುವ ಪಾಲಿಸಿಯನ್ನು ನೋಡುತ್ತವೆ. ಸಾವಿನ ಪರಿಹಾರಕ್ಕೆ ದಾವೆ ಹೂಡಲು ಎರಡು ವರ್ಷ ಸಮಯವಿದೆ. ಅಂದರೆ ಈ ವರ್ಷದ ಅಪಘಾತಕ್ಕೆ ಮುಂದಿನ ವರ್ಷ ನೋಟಿಸ್ ಬರಬಹುದು. ನಡುವೆ ನವೀಕರಣ ತಪ್ಪಿಸಿದರೆ ರಕ್ಷಣೆಯೂ ತಪ್ಪಬಹುದು.

ಪ್ರೀಮಿಯಂ ಎಷ್ಟು ಎಂಬುದು ಆರಿಸಿದ ಮಿತಿ, ಸೇರುವ ಜನ, ನಡೆಸುವ ಚಟುವಟಿಕೆ, ಹಿಂದಿನ ಕ್ಲೇಮುಗಳ ಮೇಲೆ ನಿಂತಿರುವುದರಿಂದ ಕನಿಷ್ಠ ಮೂರು ಕಂಪನಿಗಳಿಂದ ಲಿಖಿತ ದರ ತರಿಸಿ. ಹೋಲಿಸುವಾಗ ಮೂರಕ್ಕೂ ಒಂದೇ ಮಿತಿ, ಒಂದೇ ಷರತ್ತು ಇರಲಿ. "ವಿಮೆಗೆ ಜಿಎಸ್‌ಟಿ ತೆಗೆದುಹಾಕಿದ್ದಾರೆ" ಎಂಬ ಸಂದೇಶ ನಿಮಗೂ ಬಂದಿರಬಹುದು. 2025ರ ಸೆಪ್ಟೆಂಬರ್ 22ರಿಂದ ವಿನಾಯಿತಿ ಸಿಕ್ಕಿದ್ದು ವ್ಯಕ್ತಿಗಳ ಜೀವ ಮತ್ತು ಆರೋಗ್ಯ ವಿಮೆಗೆ. ಹೊಣೆಗಾರಿಕೆ ಪಾಲಿಸಿಗೆ ಶೇ 18 ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ.

ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಗೋಡೆ ಬಿರುಕು ಬಿಟ್ಟಿದ್ದರೆ, ಹಿಂದೆ ಅಪಘಾತ ಆಗಿದ್ದರೆ ಬರೆಯಿರಿ. ಮುಚ್ಚಿಟ್ಟದ್ದು ಕ್ಲೇಮಿನ ಹೊತ್ತಿಗೆ ಹೊರಬಂದರೆ ಪಾಲಿಸಿಯೇ ಬಿದ್ದುಹೋಗಬಹುದು. ಹಣ ಕಂಪನಿಗೆ ಮುಟ್ಟುವವರೆಗೆ ರಕ್ಷಣೆ ಶುರುವಾಗುವುದಿಲ್ಲ ಎಂಬುದು 1938ರ ವಿಮಾ ಕಾಯ್ದೆಯ ನಿಯಮ. ಆದ್ದರಿಂದ ಕ್ರಿಸ್‌ಮಸ್ ಹಿಂದಿನ ದಿನ ಏಜೆಂಟರಿಗೆ ಫೋನ್ ಮಾಡಿದರೆ ಸಾಲದು.

ಅಪಘಾತ ಆದಾಗ

ಮೊದಲ ಕೆಲಸ ಆಸ್ಪತ್ರೆಗೆ ಸೇರಿಸುವುದು. ಅದಕ್ಕೆ ವಿಮಾ ಕಂಪನಿಯ ಅಪ್ಪಣೆ ಬೇಕಿಲ್ಲ. ಅದೇ ದಿನ ಅಥವಾ ಮರುದಿನ ಕಂಪನಿಗೆ ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ. ಜಾಗದ ಫೋಟೊ, ನೋಡಿದವರ ಹೆಸರು ಬರೆದಿಡಿ.

ಒಂದು ಎಚ್ಚರ. "ತಪ್ಪು ನಮ್ಮದೇ, ಇಷ್ಟು ಲಕ್ಷ ಕೊಡ್ತೇವೆ" ಎಂದು ಕಂಪನಿಯ ಒಪ್ಪಿಗೆ ಇಲ್ಲದೆ ಬರೆದುಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧವಾಗುತ್ತದೆ. ಸಭಾಪಾಲಕರು ಕರುಣೆಯಿಂದ ಆಡಿದ ಮಾತು ಕ್ಲೇಮಿಗೇ ಅಡ್ಡಿಯಾಗಬಾರದು. ಮನೆಗೆ ಹೋಗಿ ಮಾತನಾಡಿಸಿ, ಸಭೆಯ ಸಹಾಯ ನಿಧಿಯಿಂದ ತುರ್ತು ನೆರವು ಕೊಡಿ, ಅದನ್ನು ನೆರವು ಎಂದೇ ದಾಖಲಿಸಿ. ಹೊಣೆಯ ಮಾತನ್ನು ಕಂಪನಿಯೊಂದಿಗೆ ಚರ್ಚಿಸಿದ ಮೇಲೆ ಆಡಿ.

ಕಂಪನಿ ಸತಾಯಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ, 155255 ಎಂಬ ಉಚಿತ ಸಂಖ್ಯೆಯೂ ಇದೆ. ನೆನಪಿಡಿ, ಈ ಪ್ರಾಧಿಕಾರ ತಾನೇ ವಿಮೆ ಮಾರುವುದಿಲ್ಲ. ಅದರ ಹೆಸರು ಹೇಳಿ ಪಾಲಿಸಿ ಮಾರುವ, ಬೋನಸ್ ಕೊಡಿಸುತ್ತೇವೆ ಎನ್ನುವ ಕರೆ ಬಂದರೆ ಅದು ಮೋಸ.

ವಿಮೆಗಿಂತ ಮೊದಲು

ಪಾಲಿಸಿ ಪರಿಹಾರ ಕೊಡಬಲ್ಲದು, ಹೋದ ಜೀವವನ್ನು ತಾರದು. ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ವೈರಿಂಗ್ ಪರೀಕ್ಷೆ, ಮಳೆಗಾಲಕ್ಕೆ ಮೊದಲು ಮಾಡು ಮತ್ತು ಮರಗಳ ಪರೀಕ್ಷೆ, ಗೋಪುರಕ್ಕೆ ಸಿವಿಲ್ ಎಂಜಿನಿಯರ್ ವರದಿ, ಹೊರಬರುವ ಬಾಗಿಲುಗಳಿಗೆ ಕೂಟದ ಹೊತ್ತಿನಲ್ಲಿ ಬೀಗ ಹಾಕದಿರುವುದು, ಜನ ಮಲಗುವ ಜಾಗದಲ್ಲಿ ಸಿಲಿಂಡರ್ ಇಡದಿರುವುದು, ಅವಧಿ ಮೀರದ ಬೆಂಕಿ ನಂದಿಸುವ ಉಪಕರಣ. ಇವುಗಳ ರಸೀದಿ, ವರದಿಗಳನ್ನು ಒಂದು ಫೈಲಿನಲ್ಲಿಡಿ. ನೀವು ಎಚ್ಚರ ವಹಿಸಿದ್ದಿರಿ ಎಂದು ತೋರಿಸಲು ನಾಳೆ ಅದೇ ಫೈಲ್ ಸಾಕ್ಷಿ.

ಕೊನೆಯ ಮಾತು

ಚರ್ಚಿಗೆ ಹೊಣೆಗಾರಿಕೆ ವಿಮೆ ಕಾನೂನಿನಿಂದ ಕಡ್ಡಾಯವಲ್ಲ, ಆದರೆ ಜನ ಸೇರುವ ಸಭೆಗೆ ಅದು ಬೇಕು. ಬೆಂಕಿ ವಿಮೆ, ಸಿಲಿಂಡರ್ ವಿಮೆ, ಬೋರ್ಡ್ ಯಾವುದೂ ಅದರ ಬದಲಿಗೆ ನಿಲ್ಲುವುದಿಲ್ಲ. ಸರಿಯಾದ ಹೆಸರು, ಹಬ್ಬದ ದಿನದ ಜನಸಂಖ್ಯೆಗೆ ತಕ್ಕ ಮಿತಿ, ತಪ್ಪದ ನವೀಕರಣ ಈ ಮೂರನ್ನು ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ ನಿಮ್ಮ ಸಭೆಯ ಕಾರ್ಯದರ್ಶಿ ಮತ್ತು ಖಜಾಂಚಿಗೆ ಮೊದಲು ಕಳಿಸಿ. ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ "ನಮ್ಮ ಪಾಲಿಸಿಯ ಪ್ರತಿ ಎಲ್ಲಿದೆ?" ಎಂದು ಒಬ್ಬರಾದರೂ ಕೇಳಲಿ.